ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ಹಾಕುವ ಬಗೆ

ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ ಎಂದು ಹುಡುಕಿದರೆ ಒಂದು ಕಡೆ 13,988 ಕಿ.ಮೀ. ಸಿಗುತ್ತದೆ, ಇನ್ನೊಂದು ಕಡೆ 14,000ದ ಆಸುಪಾಸು. ಕೆಲವು ಕಡೆ 8,690 ಮೈಲಿ ಎಂದಿದ್ದರೆ, ಮತ್ತೆ ಕೆಲವು ಕಡೆ 7,550 ಎಂದಷ್ಟೇ ಬರೆದು ಮುಂದೆ ಏನು ಅಳತೆ ಎಂದು ಹೇಳಿರುವುದಿಲ್ಲ. ಹೊತ್ತಿನ ವಿಷಯವಂತೂ ಇನ್ನೂ ಗೊಂದಲ: ಹೋಗುವಾಗ 16 ಗಂಟೆ, ಬರುವಾಗ ಹದಿನೇಳು ಮುಕ್ಕಾಲು. ಟಿಕೆಟ್ ನೋಡಿದರೆ ಹೊರಟ ದಿನವೇ ತಲುಪಿದಂತೆ ಕಾಣುತ್ತದೆ, ವಾಪಸು ಬರುವಾಗ ಒಂದು ಭಾನುವಾರವೇ ಕಾಣೆ. ಇದರಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಅಂಕಿಯೂ ಒಂದೊಂದು ಪ್ರಶ್ನೆಗೆ ಉತ್ತರ, ಅಷ್ಟೇ. ಕೆಳಗಿನ ಲೆಕ್ಕ ಈ ಜೋಡಿ ನಿಲ್ದಾಣಗಳದ್ದಾದರೂ ಕ್ರಮ ಯಾವ ಊರಿಗಾದರೂ ಒಂದೇ.

1. ನಿಲ್ದಾಣ ಯಾವುದು, ಅದು ಎಲ್ಲಿದೆ

ಊರಿನ ಹೆಸರಿನಿಂದ ಲೆಕ್ಕ ಶುರು ಮಾಡಬೇಡಿ, ನಿಲ್ದಾಣದ ಮೂರಕ್ಷರದ ಕೋಡ್ ಹಿಡಿದುಕೊಳ್ಳಿ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೊಗೆ ಎಸ್‌ಎಫ್‌ಒ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಓಕ್‌ಲ್ಯಾಂಡ್ ಮತ್ತು ಸ್ಯಾನ್ ಹೋಸೆ ನಿಲ್ದಾಣಗಳೂ ಇವೆ. ಸನ್ನಿವೇಲ್‌ನಲ್ಲಿರುವ ಮಗಳ ಮನೆಗೆ ಸ್ಯಾನ್ ಹೋಸೆಯೇ ಹತ್ತಿರ, ಆದರೆ ನೀವು ಹತ್ತುವ ದೊಡ್ಡ ವಿಮಾನ ಇಳಿಯುವುದು ಹೆಚ್ಚಾಗಿ ಎಸ್‌ಎಫ್‌ಒದಲ್ಲೇ.

ನಮ್ಮ ಲೆಕ್ಕಕ್ಕೆ ಬೇಕಾದ ನೆಲೆಗಳು ಇವು:

ಬಿಎಲ್‌ಆರ್: ಅಕ್ಷಾಂಶ 13.1989° ಉತ್ತರ, ರೇಖಾಂಶ 77.7068° ಪೂರ್ವ.
ಎಸ್‌ಎಫ್‌ಒ: ಅಕ್ಷಾಂಶ 37.6190° ಉತ್ತರ, ರೇಖಾಂಶ 122.3749° ಪಶ್ಚಿಮ.

ಎಡವುವುದು ಇಲ್ಲಿಯೇ, ಅದೂ ಎರಡು ರೀತಿ. ಮೊದಲನೆಯದು ಡಿಗ್ರಿ, ನಿಮಿಷ, ಸೆಕೆಂಡಿನ ಬರಹವನ್ನು ಹಾಗೇ ದಶಮಾಂಶ ಅಂದುಕೊಳ್ಳುವುದು. ಬಿಎಲ್‌ಆರ್ ರೇಖಾಂಶ 77 ಡಿಗ್ರಿ 42 ನಿಮಿಷ. 42 ನಿಮಿಷ ಎಂದರೆ 42ನ್ನು 60ರಿಂದ ಭಾಗಿಸಿ 0.70 ಡಿಗ್ರಿ. ಅವಸರದಲ್ಲಿ 77.42 ಎಂದು ಬರೆದು, 13 ಡಿಗ್ರಿ 11 ನಿಮಿಷವನ್ನೂ 13.11 ಎಂದು ಬರೆದರೆ ನಿಮ್ಮ ವಿಮಾನ ನಿಲ್ದಾಣ ದೇವನಹಳ್ಳಿ ಬಿಟ್ಟು ನೆಲಮಂಗಲದ ಹತ್ತಿರ ಹೋಗಿ ಕೂರುತ್ತದೆ. 14,000 ಕಿ.ಮೀ. ಲೆಕ್ಕದಲ್ಲಿ ಮೂವತ್ತು ಚಿಲ್ಲರೆ ಕಿ.ಮೀ. ದೊಡ್ಡದಲ್ಲ, ಆದರೆ ತಪ್ಪು ತಪ್ಪೇ.

ಎರಡನೆಯದು ದೊಡ್ಡ ತಪ್ಪು. ಪಶ್ಚಿಮ ರೇಖಾಂಶಕ್ಕೆ ಮೈನಸ್ ಚಿಹ್ನೆ ಹಾಕಬೇಕು. ಮರೆತು 122.3749 ಎಂದು ಹಾಗೇ ಕೊಟ್ಟರೆ ಕಂಪ್ಯೂಟರು ಗೊಣಗದೆ 5,175 ಕಿ.ಮೀ. ಎಂದು ಉತ್ತರ ಕೊಡುತ್ತದೆ. ಅದು ಚೀನಾದ ಶಾಂಡಾಂಗ್ ಪ್ರಾಂತ್ಯದ ತುದಿಯಾಚೆಯ ಕಡಲಿಗೆ ಇರುವ ದೂರ. ಉತ್ತರ ಬಂತೆಂದ ಮಾತ್ರಕ್ಕೆ ನಂಬಬೇಡಿ. ಅಮೆರಿಕದ ಪಶ್ಚಿಮ ಕರಾವಳಿಗೆ ಐದು ಸಾವಿರ ಕಿ.ಮೀ. ಬಂದರೆ ಚಿಹ್ನೆ ನೋಡಿ.

2. ನೇರ ದೂರ

ಭೂಮಿ ಚೆಂಡಿನಂತಿರುವುದರಿಂದ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಗೋಡೆಯ ನಕ್ಷೆಯ ಮೇಲಿನ ಸರಳ ಗೆರೆಯಲ್ಲ, ಚೆಂಡನ್ನು ಸರಿ ಅರ್ಧಕ್ಕೆ ಕತ್ತರಿಸುವ ಮಹಾವೃತ್ತದ ತುಂಡು. ಕೈಲೆಕ್ಕ ಹೀಗೆ:

ಮೊದಲು ರೇಖಾಂಶಗಳ ಅಂತರ. ಒಂದು ಪೂರ್ವ, ಇನ್ನೊಂದು ಪಶ್ಚಿಮ, ಹಾಗಾಗಿ ಕೂಡಿ: 77.7068 + 122.3749 = 200.0817. ಇದು 180 ದಾಟಿದೆ, ಆದ್ದರಿಂದ 360ರಿಂದ ಕಳೆಯಿರಿ: 159.9183 ಡಿಗ್ರಿ.

ಆಮೇಲೆ ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ: 0.2283 × 0.6104 = 0.1394.
ಎರಡೂ ಅಕ್ಷಾಂಶಗಳ ಕೊಸೈನ್ ಮತ್ತು ರೇಖಾಂಶ ಅಂತರದ ಕೊಸೈನ್ ಗುಣಿಸಿ: 0.9736 × 0.7921 × (−0.9392) = −0.7243.
ಎರಡನ್ನೂ ಕೂಡಿ: −0.5849.

ಯಾವ ಕೋನದ ಕೊಸೈನ್ ಇಷ್ಟು ಎಂದು ಕ್ಯಾಲ್ಕುಲೇಟರಿನಲ್ಲಿ ತಿರುಗಿಸಿ ಕೇಳಿದರೆ 125.8 ಡಿಗ್ರಿ ಬರುತ್ತದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದು ಹಿಡಿದರೆ ಒಂದು ಡಿಗ್ರಿಗೆ 111.195 ಕಿ.ಮೀ. ಗುಣಿಸಿ: 13,988 ಕಿ.ಮೀ.

ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ಗಮನಿಸಿ: ಅಲ್ಲಿ ಸೈನ್, ಕೊಸೈನ್‌ಗಳು ರೇಡಿಯನ್ (ಕೋನದ ಇನ್ನೊಂದು ಅಳತೆ) ಕೇಳುತ್ತವೆ. ಡಿಗ್ರಿಯನ್ನು π/180ರಿಂದ ಗುಣಿಸದೆ ಕೊಟ್ಟರೆ ತಲೆಬುಡವಿಲ್ಲದ ಅಂಕಿ ಬರುತ್ತದೆ. ಕೈಯಲ್ಲಿರುವ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ತಿಳಿಯಲು ಸೈನ್ 30 ಒತ್ತಿ. 0.5 ಬಂದರೆ ಡಿಗ್ರಿ.

ಬೇರೆ ಬೇರೆ ಕಡೆ ಹತ್ತಿಪ್ಪತ್ತು ಕಿ.ಮೀ. ವ್ಯತ್ಯಾಸ ಯಾಕೆ? ಭೂಮಿ ಪೂರ್ತಿ ಚೆಂಡಲ್ಲ, ಸಮಭಾಜಕದ ಬಳಿ ತ್ರಿಜ್ಯ 6,378 ಕಿ.ಮೀ., ಧ್ರುವಗಳ ಬಳಿ 6,357. ಈ ಚಪ್ಪಟೆಯನ್ನು ಲೆಕ್ಕಕ್ಕೆ ಹಿಡಿದವರ ಉತ್ತರ ತುಸು ಬೇರೆ ಬರುತ್ತದೆ. 2021ರಲ್ಲಿ ಈ ದಾರಿ ಶುರುವಾದಾಗ ಏರ್ ಇಂಡಿಯಾ ಹೇಳಿದ ಅಂಕಿ 13,993 ಕಿ.ಮೀ. ಪ್ರಯಾಣಿಕರಿಗೆ ಇದೆಲ್ಲ ಒಂದೇ.

ಮೈಲಿಯ ವಿಷಯ ಮಾತ್ರ ಒಂದೇ ಅಲ್ಲ. ವಿಮಾನದವರ ಮೈಲಿ ನಾಟಿಕಲ್ ಮೈಲಿ, 1.852 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ. ನಮ್ಮ ದೂರ ಮೊದಲನೆಯದರಲ್ಲಿ 7,553, ಎರಡನೆಯದರಲ್ಲಿ 8,692. 7,553ನ್ನು ರಸ್ತೆ ಮೈಲಿ ಎಂದು ಓದಿ ಕಿ.ಮೀ.ಗೆ ತಿರುಗಿಸಿದರೆ 1,800 ಕಿ.ಮೀ.ಗೂ ಹೆಚ್ಚು ಮಾಯವಾಗುತ್ತದೆ.

ಲೆಕ್ಕವೇ ಬೇಡ ಎನ್ನುವವರಿಗೆ ಒಂದು ದಾರ ಸಾಕು. ಮಕ್ಕಳ ಮೇಜಿನ ಮೇಲಿನ ಗ್ಲೋಬ್ 30 ಸೆಂ.ಮೀ. ಅಡ್ಡಳತೆಯದಾದರೆ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ದಾರದ ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಬಿಗಿಯಾಗಿ ಎಳೆಯಿರಿ. ದಾರ ತಾನೇ ಜಾರಿ ಜಾರಿ ಮೇಲಕ್ಕೆ, ಸೈಬೀರಿಯದ ಕಡೆಗೆ ಹೋಗಿ ನಿಲ್ಲುತ್ತದೆ. ಅಳೆದರೆ 33 ಸೆಂ.ಮೀ. ಇರುತ್ತದೆ.

3. ಆ ಗೆರೆಯ ಮೇಲೆ ವಿಮಾನ ಯಾಕೆ ಹಾರುವುದಿಲ್ಲ

ದಾರ ಹೋದ ದಾರಿ ನೋಡಿ. ಬೆಂಗಳೂರಿಂದ ಉತ್ತರಕ್ಕೆ 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿ ಹೊರಟು ಮಧ್ಯ ಭಾರತ, ನೇಪಾಳದ ಪೋಖರಾ ಬಳಿ ಹಿಮಾಲಯ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೆ ಏರುತ್ತದೆ. ಅಲ್ಲಿಂದ ಅಲಾಸ್ಕ, ಆಮೇಲೆ ಕೆನಡಾದ ಕರಾವಳಿಯಾಚೆ ಕಡಲ ಮೇಲೆ ಇಳಿದು ಸ್ಯಾನ್ ಫ್ರಾನ್ಸಿಸ್ಕೊ. ಕಾಗದದ ಮೇಲೆ ಚೆಂದ, ಆಕಾಶದಲ್ಲಿ ಕಷ್ಟ.

ಮೊದಲ ತೊಡಕು ಟಿಬೆಟ್. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ಬೇಗನೆ 10,000 ಅಡಿಗೆ ಇಳಿಯಬೇಕು. ತಲೆಯ ಮೇಲಿಂದ ಬೀಳುವ ಆಮ್ಲಜನಕದ ಮುಖವಾಡಗಳು ನಿಮಿಷಗಳ ಲೆಕ್ಕದಲ್ಲಿ ಕೆಲಸ ಮಾಡುವಂಥವು, ಗಂಟೆಗಳ ಲೆಕ್ಕದಲ್ಲಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್, ಅಂದರೆ 14,700 ಅಡಿಗೂ ಹೆಚ್ಚು. 10,000 ಅಡಿಗೆ ಇಳಿಯಲು ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಬಹುತೇಕ ವಿಮಾನಗಳು ಅದನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು ಯಾರ ಆಕಾಶ ಯಾರಿಗೆ ಮುಕ್ತ ಎಂಬುದು. 2022ರಿಂದ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ, ಭಾರತದವಕ್ಕೆ ಮುಚ್ಚಿಲ್ಲ. ಯುನೈಟೆಡ್ ಏರ್‌ಲೈನ್ಸ್ ಇದೇ ಬೆಂಗಳೂರು ದಾರಿಯನ್ನು 2022ರಲ್ಲಿ ಆರಂಭಿಸುವುದಾಗಿ ಹೇಳಿ ಮುಂದೂಡಿದ್ದರ ಹಿಂದೆ ಈ ತೊಡಕಿತ್ತು. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಪಶ್ಚಿಮದ ಕಡೆಯಿಂದ ಹೋಗುವ ವಿಮಾನಗಳ ಹೊತ್ತು ಅಂದಿನಿಂದ ಹಿಗ್ಗಿತು. ನಕ್ಷೆಯ ಮೇಲಿನ ದೂರ ಇದ್ದಲ್ಲೇ ಇದ್ದರೂ ಹೊತ್ತು ಬೆಳೆಯುವುದು ಹೀಗೆ.

ಮೂರನೆಯದು ಗಾಳಿ, ಎಲ್ಲಕ್ಕಿಂತ ಮುಖ್ಯ.

4. ಗಾಳಿಯ ಲೆಕ್ಕ

ಬೋಯಿಂಗ್ 777ರಂಥ ವಿಮಾನ ಶಬ್ದದ ವೇಗದ ಶೇ. 84ರಷ್ಟರಲ್ಲಿ ಸಾಗುತ್ತದೆ. 35,000 ಅಡಿ ಎತ್ತರದಲ್ಲಿ ಮೈನಸ್ 54 ಡಿಗ್ರಿ ಚಳಿ, ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,068 ಕಿ.ಮೀ. ಅದರ ಶೇ. 84 ಎಂದರೆ ಸುಮಾರು 897 ಕಿ.ಮೀ. ಇದು ಗಾಳಿಯ ಮೂಲಕ ಸಾಗುವ ವೇಗ. ನೆಲದ ಮೇಲಿನ ವೇಗ ಬೇಕಾದರೆ ಬೆನ್ನಿಗೆ ಬೀಸುವ ಗಾಳಿಯನ್ನು ಕೂಡಿ, ಎದುರುಗಾಳಿಯನ್ನು ಕಳೆಯಿರಿ. ಸೀಟಿನ ಪರದೆಯ ಮೇಲೆ ಒಮ್ಮೆ 1,050, ಇನ್ನೊಮ್ಮೆ 800 ತೋರಿಸುವುದು ಇದೇ ಕಾರಣಕ್ಕೆ. ವಿಮಾನ ಓಡುವ ರಭಸ ಎರಡೂ ಸಲ ಒಂದೇ.

ಪೆಸಿಫಿಕ್ ಸಾಗರದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನಿನ ಸುತ್ತ ಇದರ ರಭಸ ಗಂಟೆಗೆ 300 ಕಿ.ಮೀ. ದಾಟುವುದುಂಟು. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ವಿಮಾನ ಈ ಹೊಳೆಗೆ ಬೆನ್ನು ಕೊಟ್ಟರೆ ಸುತ್ತಿನ ದಾರಿಯೂ ಹತ್ತಿರವಾಗುತ್ತದೆ. ಒಂದು ಮಾದರಿ ಲೆಕ್ಕ ಹಾಕೋಣ. ಟಿಬೆಟ್ ಬಿಟ್ಟು ಕುನ್ಮಿಂಗ್, ಟೋಕಿಯೊ ಮೇಲಿಂದ ಹೋದರೆ ತುಂಡು ತುಂಡಾಗಿ 2,950 + 3,760 + 8,230 = 14,940 ಕಿ.ಮೀ. ನೇರ ಗೆರೆಗಿಂತ 950 ಕಿ.ಮೀ. ಹೆಚ್ಚು.

ಗಾಳಿ ಇಲ್ಲದಿದ್ದರೆ: 14,940 ÷ 897 = 16 ಗಂಟೆ 39 ನಿಮಿಷ.
ದಾರಿಯುದ್ದಕ್ಕೂ ಸರಾಸರಿ 70 ಕಿ.ಮೀ. ಬೆನ್ನಿಗೆ ಬೀಸಿದರೆ: 14,940 ÷ 967 = 15 ಗಂಟೆ 27 ನಿಮಿಷ.
ಅದೇ ದಾರಿಯಲ್ಲಿ ವಾಪಸು, 70 ಕಿ.ಮೀ. ಎದುರುಗಾಳಿ: 14,940 ÷ 827 = 18 ಗಂಟೆ 4 ನಿಮಿಷ.

ಹೋಗುವಾಗ ಉಳಿದದ್ದು 72 ನಿಮಿಷ, ಬರುವಾಗ ಕಳೆದುಕೊಂಡದ್ದು 85. ಒಂದಕ್ಕೊಂದು ಸರಿಹೋಗುತ್ತದೆ ಅಂದುಕೊಳ್ಳುವವರು ಹೆಚ್ಚು, ಹೋಗುವುದಿಲ್ಲ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದರಿಂದ ಪೆಟ್ಟೂ ಹೆಚ್ಚು ಹೊತ್ತು ಬೀಳುತ್ತದೆ.

ಹಾಗಾಗಿ ವಾಪಸು ಬರುವ ವಿಮಾನ ಹೋದ ದಾರಿಯಲ್ಲೇ ಬರಬೇಕಾಗಿಲ್ಲ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾದ ಮೊದಲ ವಿಮಾನ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಬೋಯಿಂಗ್ 777-200ಎಲ್‌ಆರ್, ಉತ್ತರ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ಬಂತು. ಧ್ರುವ ಎಂದೊಡನೆ ಎಷ್ಟು ಸುತ್ತು ಅನ್ನಿಸುತ್ತದೆ. ಲೆಕ್ಕ ಸುಲಭ: ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.4 ಡಿಗ್ರಿ, ಅಲ್ಲಿಂದ ಬೆಂಗಳೂರಿಗೆ 76.8 ಡಿಗ್ರಿ, ಕೂಡಿ 129.2. ಕಿ.ಮೀ.ಯಲ್ಲಿ 14,365. ಅತಿ ಹತ್ತಿರದ ಗೆರೆಗಿಂತ ಬರೀ 377 ಕಿ.ಮೀ. ಜಾಸ್ತಿ! ಈ ಗೆರೆ ಸಿಯಾಟಲ್ ಮೇಲಿಂದ ನೆಟ್ಟಗೆ ಮೇಲೇರಿ, ಧ್ರುವದ ಆಚೆ ಸೈಬೀರಿಯಾ, ಕಜಕಿಸ್ತಾನದ ಅಲ್ಮಾಟಿ ಪಕ್ಕ, ಲೇಹ್, ಭೋಪಾಲ್ ಬಳಿಯಿಂದ ಬೆಂಗಳೂರಿಗೆ ಇಳಿಯುತ್ತದೆ. ಜೆಟ್ ಸ್ಟ್ರೀಮಿನ ಎದುರು ಹಣೆ ಚಚ್ಚಿಕೊಳ್ಳುವ ಕಷ್ಟವೂ ಇಲ್ಲ. ಗಾಳಿ ಸೊನ್ನೆ ಎಂದುಕೊಂಡರೆ 16 ಗಂಟೆ.

ಧ್ರುವದ ದಾರಿಗೆ ತನ್ನದೇ ಗೋಳು ಇದೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟಬಹುದು. ನಮ್ಮಲ್ಲಿ ತುಂಬಿಸುವ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತದೆ. ಆದ್ದರಿಂದ ಪೈಲಟ್‌ಗಳು ಟ್ಯಾಂಕಿನ ಉಷ್ಣತೆ ನೋಡುತ್ತಲೇ ಇರುತ್ತಾರೆ, ತೀರಾ ಇಳಿದರೆ ವಿಮಾನವನ್ನು ತುಸು ಕೆಳಗಿನ ಬೆಚ್ಚನೆಯ ಗಾಳಿಗೆ ತರುತ್ತಾರೆ. ದಾರಿಯಲ್ಲಿ ಆಪತ್ತಿಗೆ ಇಳಿಯಲು ಯೋಗ್ಯ ನಿಲ್ದಾಣಗಳೂ ವಿರಳ.

5. ಹಾರುವ ಹೊತ್ತಿನಿಂದ ಟಿಕೆಟ್ಟಿನ ಹೊತ್ತಿಗೆ

ಟಿಕೆಟ್ಟಿನಲ್ಲಿ ಇರುವುದು ಗೇಟಿನಿಂದ ಗೇಟಿಗೆ ಹಿಡಿಯುವ ಹೊತ್ತು. ಹಾಗಾಗಿ ಮೇಲಿನ ಲೆಕ್ಕಕ್ಕೆ ಇವು ಸೇರಬೇಕು: ಹೊರಡುವಾಗ ರನ್‌ವೇವರೆಗೆ ಉರುಳಲು 15ರಿಂದ 20 ನಿಮಿಷ, ಏರುವಾಗ ಇಳಿಯುವಾಗ ನಿಧಾನವಾಗುವುದಕ್ಕೆ 15ರಿಂದ 20, ಇಳಿದ ಮೇಲೆ ಗೇಟಿಗೆ 5ರಿಂದ 10. ಒಟ್ಟು ಮುಕ್ಕಾಲು ಗಂಟೆ ಎಂದು ಹಿಡಿಯಿರಿ. ಹೋಗುವಾಗಿನ 15 ಗಂಟೆ 27 ನಿಮಿಷ ಹೀಗೆ 16 ಗಂಟೆ 10 ನಿಮಿಷದ ಹತ್ತಿರ ಬರುತ್ತದೆ. ಧ್ರುವದ ದಾರಿಯಲ್ಲಿ ಬರುವಾಗಿನ 16 ಗಂಟೆಗೆ ಅದನ್ನೂ, ಗೆರೆ ಬಿಟ್ಟು ಆಚೀಚೆ ಹೋಗುವ ಇನ್ನೊಂದು ಅರ್ಧ ಗಂಟೆಯನ್ನೂ ಸೇರಿಸಿದರೆ 17 ಗಂಟೆ ದಾಟುತ್ತದೆ. ಕಂಪನಿಗಳು ತಡವಾಗದಂತೆ ಮೇಲೊಂದಿಷ್ಟು ಸಡಿಲ ಇಟ್ಟುಕೊಳ್ಳುತ್ತವೆ. ವಿಮಾನ "ಇಪ್ಪತ್ತು ನಿಮಿಷ ಮುಂಚೆ" ತಲುಪುವುದರ ಗುಟ್ಟು ಬಹಳ ಸಲ ಇದೇ.

6. ಗಡಿಯಾರ ಬಿಡಿಸುವುದು

ಟಿಕೆಟ್ಟಿನ ಎರಡೂ ಸಮಯ ಆಯಾ ಊರಿನವು. ಒಂದರಿಂದ ಒಂದನ್ನು ನೇರವಾಗಿ ಕಳೆಯಬೇಡಿ, ಎರಡನ್ನೂ ಯುಟಿಸಿಗೆ (ಎಲ್ಲ ಊರುಗಳ ಗಡಿಯಾರಕ್ಕೂ ಆಧಾರವಾದ ಜಾಗತಿಕ ಸಮಯ) ತನ್ನಿ. ಭಾರತದ ಸಮಯದಿಂದ ಐದೂವರೆ ಗಂಟೆ ಕಳೆಯಿರಿ. ಕ್ಯಾಲಿಫೋರ್ನಿಯದ ಸಮಯಕ್ಕೆ ಚಳಿಗಾಲದಲ್ಲಿ 8, ಬೇಸಿಗೆಯಲ್ಲಿ 7 ಗಂಟೆ ಕೂಡಿ. ಅಲ್ಲಿನ ಗಡಿಯಾರ ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ನಮಗೂ ಅವರಿಗೂ ಅಂತರ ಒಮ್ಮೆ ಹದಿಮೂರೂವರೆ, ಒಮ್ಮೆ ಹನ್ನೆರಡೂವರೆ ಗಂಟೆ.

2021ರ ಆ ವಿಮಾನದ ವೇಳಾಪಟ್ಟಿಯನ್ನೇ ಬಿಡಿಸಿ ನೋಡಿ. ಹೊರಡುವುದು ಜನವರಿ 9, ಶನಿವಾರ ರಾತ್ರಿ 8:30. ತಲುಪುವುದು ಜನವರಿ 11, ಸೋಮವಾರ ನಸುಕಿನ 3:45. ಹೊರಟದ್ದಕ್ಕೆ 8 ಗಂಟೆ ಕೂಡಿದರೆ ಯುಟಿಸಿ ಭಾನುವಾರ ಬೆಳಗಿನ 4:30. ತಲುಪಿದ್ದಕ್ಕೆ ಐದೂವರೆ ಕಳೆದರೆ ಯುಟಿಸಿ ಭಾನುವಾರ ರಾತ್ರಿ 10:15. ನಡುವೆ 17 ಗಂಟೆ 45 ನಿಮಿಷ. ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆಯಿತು.

ಹೋಗುವಾಗ ಇದರ ತಿರುಗುಮುರುಗು. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದರೆ ಅಲ್ಲಿ ಅದೇ ದಿನ ಚಳಿಗಾಲದಲ್ಲಿ ಸಂಜೆ 4:30, ಬೇಸಿಗೆಯಲ್ಲಿ 5:30. ಟಿಕೆಟ್ಟಿನಲ್ಲಿ ತಲುಪುವ ಸಮಯದ ಪಕ್ಕ ಸಣ್ಣದಾಗಿ +1, +2 ಎಂದಿದ್ದರೆ ಅದು ದಿನದ ಲೆಕ್ಕ. ಅದನ್ನು ನೋಡದೆ ಊರಿನಲ್ಲಿ ಗೃಹಪ್ರವೇಶಕ್ಕೆ ಭಾನುವಾರದ ಮುಹೂರ್ತ ಹಿಡಿದವರು ಸೋಮವಾರ ಇಳಿಯುತ್ತಾರೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಹೊರಡುವ ಮೊದಲೇ ವೈದ್ಯರಿಂದ ಗಂಟೆಗಳ ಲೆಕ್ಕದಲ್ಲಿ ಚೀಟಿ ಬರೆಸಿಕೊಳ್ಳಲಿ. ಗಡಿಯಾರ ಹದಿಮೂರು ಗಂಟೆ ಜಿಗಿದಾಗ "ರಾತ್ರಿ ಊಟದ ಮೇಲೆ" ಎಂಬ ಸೂಚನೆಗೆ ಅರ್ಥವಿರುವುದಿಲ್ಲ.

7. ನಡುವೆ ಇಳಿದು ಹತ್ತುವುದಾದರೆ

ಈ ಜೋಡಿ ಊರುಗಳ ನಡುವಿನ ನೇರ ವಿಮಾನ ಇದ್ದು ಇಲ್ಲವಾಗುವ ಸರಕು. ನಿಮ್ಮ ದಿನಕ್ಕೆ ಇದೆಯೇ ಎಂದು ಕಂಪನಿಯ ತಾಣದಲ್ಲೇ ನೋಡಿ. ಇಲ್ಲದಿದ್ದರೆ ಇಳಿದು ಹತ್ತುವ ಊರಿನ ಆಯ್ಕೆಗೆ ಈ ದೂರಗಳು ನೆರವಾಗುತ್ತವೆ (ಎರಡೂ ತುಂಡು ಕೂಡಿ):

ದೆಹಲಿ: 14,090 ಕಿ.ಮೀ.
ದುಬೈ: 15,720
ಫ್ರಾಂಕ್‌ಫರ್ಟ್: 16,550
ಸಿಂಗಪುರ: 16,770

ದೆಹಲಿ ಹೆಚ್ಚುಕಡಿಮೆ ದಾರಿಯಲ್ಲೇ ಇದೆ, ನೂರು ಕಿ.ಮೀ. ಸುತ್ತು ಅಷ್ಟೇ. ಆದರೆ ದೂರ ನೋಡಿ ಮರುಳಾಗಬೇಡಿ. ಫ್ರಾಂಕ್‌ಫರ್ಟ್ ದಾರಿ ದುಬೈಗಿಂತ 830 ಕಿ.ಮೀ. ಹೆಚ್ಚು, ಅಂದರೆ ಒಂದು ಗಂಟೆಯೂ ಇಲ್ಲ. ಒಂದು ಕಡೆ ಎರಡು ಗಂಟೆ, ಇನ್ನೊಂದು ಕಡೆ ಏಳು ಗಂಟೆ ಕಾಯಬೇಕಾದರೆ ಈ ಕಿಲೋಮೀಟರುಗಳಿಗೆ ಏನು ಬೆಲೆ? ಹಿರಿಯರ ವಿಷಯದಲ್ಲಿ ಹೆಚ್ಚುಕಡಿಮೆ ಸಮನಾದ ಎರಡು ಹಾರಾಟ 16 ಗಂಟೆಯ ಒಂದು ಹಾರಾಟಕ್ಕಿಂತ ಮೊಣಕಾಲಿಗೆ ಹಿತ. ನಡುವಿನ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂಬುದನ್ನು ಮಾತ್ರ ಹಣ ಕಟ್ಟುವ ಮೊದಲು ನೋಡಿಕೊಳ್ಳಿ.

ಎರಡು ತುಂಡನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಳ್ಳಿ. ಬೇರೆ ಬೇರೆ ಕೊಂಡರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಯಾರದೂ ಅಲ್ಲ, ನಿಮ್ಮದು. ಅಬುಧಾಬಿಯ ಮೂಲಕ ಹೋಗುವವರಿಗೆ ಒಂದು ವಿಶೇಷ: ಅಮೆರಿಕದ ವಲಸೆ ತಪಾಸಣೆ ಅಲ್ಲೇ ಮುಗಿಯುತ್ತದೆ. ಅದಕ್ಕೆ ಹೊತ್ತು ಬೇಕು, ನಡುವೆ ಒಂದೂವರೆ ಗಂಟೆಯ ಅಂತರ ನಂಬಿ ಕೂರಬೇಡಿ.

8. ಮನೆಯಿಂದ ಮನೆಗೆ

ಮೈಸೂರಿನಿಂದ ಹೊರಡುವವರ ಲೆಕ್ಕ ನೋಡಿ. ಕೆಎಸ್‌ಆರ್‌ಟಿಸಿ ಫ್ಲೈಬಸ್ಸಿನಲ್ಲಿ ವಿಮಾನ ನಿಲ್ದಾಣಕ್ಕೆ ಸುಮಾರು 4 ಗಂಟೆ. ಬೆಂಗಳೂರು ದಟ್ಟಣೆಗೆ ಇನ್ನೊಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳು ಈಗ ಎರಡನೇ ಟರ್ಮಿನಲ್‌ನಿಂದ, ಅಲ್ಲಿಗೆ 3 ಗಂಟೆ ಮುಂಚೆ. ಹಾರಾಟ 16. ಇಳಿದ ಮೇಲೆ ವಲಸೆ ಸಾಲು, ಪೆಟ್ಟಿಗೆ, ಕಸ್ಟಮ್ಸ್ ಸೇರಿ ಒಂದೂವರೆ. ಎಸ್‌ಎಫ್‌ಒದಿಂದ ಸನ್ನಿವೇಲ್‌ಗೆ ಕಾರಿನಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಕೂಡಿದರೆ ಇಪ್ಪತ್ತಾರು ಗಂಟೆ ದಾಟಿತು, ಅದೂ ನೇರ ವಿಮಾನದಲ್ಲಿ.

ಕರೆದೊಯ್ಯಲು ಬರುವವರು ಫೋನಿನಲ್ಲಿ "ಇಳಿಯಿತು" ಎಂದು ಕಂಡ ಕೂಡಲೇ ಮನೆ ಬಿಟ್ಟರೆ ಸಾಕು. ಆ ಹೊತ್ತಿಗೆ ಅಪ್ಪ ಅಮ್ಮ ವಲಸೆ ಸಾಲಿನ ಹಿಂದಿನ ತುದಿಯಲ್ಲಿರುತ್ತಾರೆ. ಚಟ್ನಿಪುಡಿ, ಉಪ್ಪಿನಕಾಯಿ, ಸಂಡಿಗೆಗಳ ಪೆಟ್ಟಿಗೆ ಇದ್ದರೆ ಕಸ್ಟಮ್ಸ್ ಅಧಿಕಾರಿಗೆ ತಿನಿಸು ಇದೆ ಎಂದೇ ಹೇಳಲಿ, ತೆರೆದು ತೋರಿಸಲು ಇನ್ನೊಂದು ಇಪ್ಪತ್ತು ನಿಮಿಷ ಕಳೆದರೂ ಸರಿ.